ಸಾಸಿವೆ ಡಬ್ಬಿಯಲ್ಲಿ ಟ್ರಾನ್ಸಿಸ್ಟರು!

ಮನೆಯವರಿಗೋ ಮಗನಿಗೋ ರೇಡಿಯೋ ಬಿಚ್ಚಿ ಜೋಡಿಸುವ ಹುಚ್ಚೇ? ಸಿಟ್ಟಿನಲ್ಲಿ ಎಲ್ಲವನ್ನೂ ಗುಜರಿಗೆ ಹಾಕಬೇಡಿ. ಬೆಳಗಾವಿಯ ಆಟೋ ನಗರದ ಗ್ಯಾರೇಜುಗಳಲ್ಲಿ ನಟ್ಟು-ಬೋಲ್ಟು ಬೆರೆತರೆ ಕೆಲಸವೇ ನಿಲ್ಲುತ್ತದೆ. ಇಲ್ಲೂ ಅಷ್ಟೇ, ವಿಂಗಡಿಸಬೇಕು.

ಮೊದಲು ಗುಂಡಿಯಂಥ ಪುಟ್ಟ ಸೆಲ್ಲುಗಳನ್ನು ಹುಡುಕಿ ಎತ್ತಿಡಿ. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟೀತು. ಕೂಡಲೇ ದವಾಖಾನೆಗೆ ಓಡಬೇಕು. ದಪ್ಪ ಕೆಪಾಸಿಟರಿನಲ್ಲಿ ಕರೆಂಟು ತೆಗೆದ ಮೇಲೂ ಶಾಕ್ ಉಳಿದಿರಬಹುದು, ಅದನ್ನು ಅವರೇ ಮುಟ್ಟಲಿ. ರೆಸಿಸ್ಟರು ಮಾತ್ರ ನೀವೂ ಆರಿಸಬಹುದು. ಬಣ್ಣ ನಮಗೇನು ಹೊಸದೇ? ಕಂದು, ಕಪ್ಪು, ಕೆಂಪು, ಕೊನೆಗೆ ಚಿನ್ನದ ಪಟ್ಟೆಯಿದ್ದರೆ 1000 ಓಮ್. ಒಂದೊಂದು ಬಗೆಗೆ ಒಂದೊಂದು ಬೆಂಕಿಪೊಟ್ಟಣ ಸಾಕು.

ಬೆಸುಗೆ ತಂತಿಯಲ್ಲಿ ಸಾಮಾನ್ಯವಾಗಿ ಸೀಸವಿರುತ್ತದೆ. ಕೈಯನ್ನು ಸೋಪು ಹಚ್ಚಿ ತೊಳೆದೇ ರೊಟ್ಟಿ ತಟ್ಟಿರಿ. ಆ ಸಾಸಿವೆ ಡಬ್ಬಿಯನ್ನು ಅವರಿಗೇ ಬಿಟ್ಟುಕೊಡಿ, ಅಡುಗೆಮನೆಗೆ ಮತ್ತೆ ತರಬೇಡಿ.