ವ್ಯಾಪಾರ ವರ್ಣನೆಯೂ ಬೆಲ್ಲದ ಬಣ್ಣವೂ

ಹನಕೆರೆಯನ್ನೊಳಗೊಂಡ ಮಂಡ್ಯ ಸೀಮೆಯ ಆಲೆಮನೆಗಳ ಅಚ್ಚುಬೆಲ್ಲವು ಬಹುಮಟ್ಟಿಗೆ ಚೀಟಿಯಿಲ್ಲದೆ ಬಿಡಿಯಾಗಿಯೇ ಮಾರಾಟವಾಗುತ್ತದೆ. ಕೊಳ್ಳುವವನು ಬಣ್ಣವನ್ನು ನೋಡಿ ಗುಣವನ್ನು ಊಹಿಸುತ್ತಾನೆ. ಹೊಂಬಣ್ಣವಾದರೆ ಶುದ್ಧವೆಂದು ನಂಬಿಕೆ. ಆದರೆ ಆ ಬಣ್ಣ ಹೈಡ್ರೋಸ್ ಎಂಬ ರಾಸಾಯನಿಕದಿಂದಲೂ ಬರಬಲ್ಲುದು. ಅದನ್ನು ಬೆರಸದೆ ಕಾಯಿಸಿದವನ ಕಂದುಬೆಲ್ಲ ಬೆಲೆಯಲ್ಲಿ ಹಿಂದೆ ಬೀಳುತ್ತದೆ. ಇಲ್ಲಿ ಸುಳ್ಳಾಡಿದವರು ಯಾರು? ಬಾಯಿಬಿಟ್ಟು ಯಾರೂ ಏನನ್ನೂ ಹೇಳಿಲ್ಲವಷ್ಟೆ!

ಇಂಗ್ಲೆಂಡಿನ 1887ರ ಶಾಸನವನ್ನನುಸರಿಸಿದ ನಮ್ಮ 1889ರ ಸರಕು ಗುರುತುಗಳ ಕಾಯಿದೆಯು ತೂಕ, ತಯಾರಾದ ಸ್ಥಳ, ತಯಾರಿಕೆಯ ರೀತಿ, ಬಳಸಿದ ವಸ್ತು ಇವುಗಳನ್ನು ಕುರಿತ ನೇರವಾದ ಅಥವಾ ಪರೋಕ್ಷವಾದ ಯಾವ ಸೂಚನೆಯನ್ನಾದರೂ ‘ವ್ಯಾಪಾರ ವರ್ಣನೆ’ ಎಂದು ಕರೆಯಿತು. 1958ರ ಕಾಯಿದೆಯ ಮೂಲಕ ಈ ಮಾತು 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಗೂ ಇಳಿದು ಬಂದಿತು. ‘ಪರೋಕ್ಷ’ ಎಂಬ ಪದದಲ್ಲಿ ಬಣ್ಣವೂ ಅಡಗೀತೆಂದು ನಮ್ಮ ಅಭಿಪ್ರಾಯ.

1986ರ ಗ್ರಾಹಕ ಸಂರಕ್ಷಣಾ ಕಾಯಿದೆಯನ್ನು ಸರ್ಕಾರವು ಪುನರ್ವಿಮರ್ಶಿಸಿ 2019ರಲ್ಲಿ ಹೊಸದನ್ನು ತಂದಾಗ ಕೇಂದ್ರ ಪ್ರಾಧಿಕಾರವೊಂದು ಏರ್ಪಟ್ಟಿತು; ಮೊದಲ ತಪ್ಪಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸುವ ಅಧಿಕಾರ ಅದಕ್ಕೆ ದೊರೆಯಿತು. ಆದರೆ ಆ ದಂಡದ ಗುರಿ ದಾರಿತಪ್ಪಿಸುವ ಜಾಹೀರಾತು. ಚೀಟಿ, ಹೊದಿಕೆ, ಬಿಲ್ಲುಗಳೂ ಅದರಲ್ಲಿ ಸೇರುವುದರಿಂದ ಪೊಟ್ಟಣದ ಮೇಲೆ ‘ಸಾವಯವ’ವೆಂದು ಸುಳ್ಳು ಬರೆದವನು ಸಿಕ್ಕಿಬೀಳಬಹುದು. ಬಿಡಿಬೆಲ್ಲಕ್ಕೆ ಬಣ್ಣ ಬರಿಸಿದವನನ್ನಾದರೋ ಆಹಾರ ಸುರಕ್ಷತಾ ಅಧಿಕಾರಿಯು ಮಾದರಿ ತೆಗೆದು, ಪ್ರಯೋಗಾಲಯಕ್ಕೆ ಕಳುಹಿಸಿಯೇ ಹಿಡಿಯಬೇಕು. ವರದಿ ಬರುವಷ್ಟರಲ್ಲಿ ಬೆಲ್ಲ ಮಂಡಿಯನ್ನು ದಾಟಿರುವುದುಂಟು.