ಎಳನೀರು ಬೇಡ, ಕೊಬ್ಬರಿ ಎಣ್ಣೆ ಇರಲಿ

ಡಯಾಲಿಸಿಸ್ ಮಾಡಿಸಿಕೊಳ್ಳುವ ಹಿರಿಯರ ತೊಂದರೆಗಳು: ಮನೆಯವರು, ಮಕ್ಕಳು ಮಾಡಬಹುದಾದದ್ದು

ಅರಸೀಕೆರೆ ಎಂದರೆ ತೆಂಗಿನ ಸೀಮೆ. ಇಲ್ಲಿ ಯಾರಿಗಾದರೂ ಮೈ ಹುಷಾರಿಲ್ಲವೆಂದರೆ ನೋಡಲು ಬರುವವರು ಬರಿಗೈಯಲ್ಲಿ ಬರುವುದಿಲ್ಲ. ಒಂದು ಜೊತೆ ಎಳನೀರಾದರೂ ತರುತ್ತಾರೆ. ಜ್ವರ ಬಂದು ಬಳಲಿದವನಿಗೆ ಅದು ಅಮೃತವೇ ಸರಿ. ಆದರೆ ಮೂತ್ರಪಿಂಡಗಳು ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವ ಹಿರಿಯರಿಗೆ ಅದೇ ಎಳನೀರು ಪ್ರಾಣಕ್ಕೆ ಕುತ್ತು ತರಬಲ್ಲದು. ಒಂದು ಎಳನೀರಿನಲ್ಲಿ 500 ಮಿಲಿಗ್ರಾಂಗೂ ಹೆಚ್ಚು ಪೊಟ್ಯಾಷಿಯಂ ಇರಬಹುದು. ಅದನ್ನು ಹೊರಹಾಕಬೇಕಾದ ಮೂತ್ರಪಿಂಡವೇ ಕೆಲಸ ನಿಲ್ಲಿಸಿದಾಗ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನು ತಪ್ಪಿಸುತ್ತದೆ. ಪ್ರೀತಿ ಇದ್ದರೆ ಸಾಲದು, ತಿಳಿವಳಿಕೆಯೂ ಬೇಕು.

ಡಯಾಲಿಸಿಸ್ ಎಂದರೆ ಹಿಂದೆ ಬೆಂಗಳೂರು, ಮೈಸೂರಿಗೆ ಓಡಬೇಕಿತ್ತು. 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾದ ಮೇಲೆ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತವಾಗಿ ಈ ಸೌಲಭ್ಯ ಸಿಗತೊಡಗಿತು. ನಮ್ಮ ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲೂ ಯಂತ್ರಗಳಿವೆ. ಇನ್ನು ಲೆಕ್ಕ ನೋಡಿ: ವಾರಕ್ಕೆ 168 ಗಂಟೆ. ವಾರಕ್ಕೆ ಮೂರು ಬಾರಿ ನಾಲ್ಕು ಗಂಟೆಯಂತೆ ಯಂತ್ರ ದುಡಿಯುವುದು 12 ಗಂಟೆ. ಉಳಿದ 156 ಗಂಟೆ ರೋಗಿ ಮನೆಯವರ ಕೈಯಲ್ಲಿರುತ್ತಾರೆ. ಅವರ ನೆಮ್ಮದಿ ನಿರ್ಧಾರವಾಗುವುದು ಬಹುಮಟ್ಟಿಗೆ ಅಲ್ಲೇ.

ಯಂತ್ರದ ಕೆಲಸ

ಸಾಂದ್ರತೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಕಣಗಳು ಹರಡುತ್ತವೆ ಎಂಬ ವಿಸರಣೆಯ ಪಾಠ ಮಕ್ಕಳಿಗೆ ಗೊತ್ತಿದೆ. ಡಯಾಲಿಸಿಸ್ ಅದರದೇ ಪ್ರಯೋಗ. ಸೂಕ್ಷ್ಮ ರಂಧ್ರಗಳ ಪೊರೆಯ ಒಂದು ಬದಿ ರಕ್ತ, ಇನ್ನೊಂದು ಬದಿ ಶುದ್ಧ ದ್ರಾವಣ. ಯೂರಿಯಾದಂಥ ಕಶ್ಮಲ ರಕ್ತದಿಂದ ದ್ರಾವಣಕ್ಕೆ ದಾಟುತ್ತದೆ. ದ್ರಾವಣ ನಿಮಿಷಕ್ಕೆ 500 ಮಿಲಿಲೀಟರ್‌ನಂತೆ ಹರಿದರೆ ನಾಲ್ಕು ಗಂಟೆಗೆ 120 ಲೀಟರ್!

ಹಾಲೆಂಡಿನ ವೈದ್ಯ ವಿಲ್ಲೆಮ್ ಕೋಲ್ಫ್ ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಸಾಸೇಜ್ ಸುತ್ತುವ ಸೆಲೊಫೇನ್ ಕೊಳವೆಯನ್ನೇ ಪೊರೆಯಾಗಿ ಬಳಸಿ ಇಂಥ ಯಂತ್ರ ಕಟ್ಟಿದರು. ಅವರ ಮೊದಮೊದಲ ರೋಗಿಗಳಲ್ಲಿ ಬಹುತೇಕ ಎಲ್ಲರೂ ತೀರಿಕೊಂಡರು. 1945ರಲ್ಲಿ ಈ ಯಂತ್ರದಿಂದ ಬದುಕಿ ಉಳಿದವರು 67 ವರ್ಷದ ಒಬ್ಬ ವೃದ್ಧೆ. ವಯಸ್ಸಾದವರಿಗೆ ಇದೆಲ್ಲ ಏಕೆ ಎನ್ನುವವರು ಇದನ್ನು ನೆನೆಯಬೇಕು.

ಬಾಯಾರಿಕೆ

ಮೂತ್ರ ಕಡಿಮೆಯಾದಾಗ ಕುಡಿದ ನೀರು ಒಳಗೇ ಉಳಿಯುತ್ತದೆ. ಕಾಲು ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ‘ನೀರು ಕುಡಿಯಬೇಡಿ’ ಎಂದು ಗದರಿಸಿದರೆ ಪ್ರಯೋಜನವಿಲ್ಲ; ಬಾಯಾರಿಕೆಯ ಮೂಲ ಉಪ್ಪು. ಸುಮಾರು 8 ಗ್ರಾಂ ಉಪ್ಪು ದೇಹದಲ್ಲಿ ಒಂದು ಲೀಟರ್ ನೀರನ್ನು ಹಿಡಿದಿಡುತ್ತದೆ. ಆದ್ದರಿಂದ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಬೇಕರಿ ತಿಂಡಿಗಳನ್ನು ದೂರವಿಡಿ. ವೈದ್ಯರು ಹೇಳಿದಷ್ಟು ನೀರನ್ನು ಬೆಳಿಗ್ಗೆಯೇ ಒಂದು ಬಾಟಲಿಗೆ ಅಳೆದಿಟ್ಟು ಸಣ್ಣ ಲೋಟದಲ್ಲಿ ಕೊಡಿ. ಕಾಫಿ, ಸಾರು, ಮಜ್ಜಿಗೆ, ಗಂಜಿಯೂ ಆ ಲೆಕ್ಕಕ್ಕೇ ಸೇರಬೇಕು. ಬಾಯಿ ಮುಕ್ಕಳಿಸಿ ಉಗಿಯುವುದು, ಒಂದು ಮಂಜುಗಡ್ಡೆಯ ಚೂರು ಚೀಪುವುದು ಸಮಾಧಾನ ಕೊಡುತ್ತದೆ.

ಅಂಗಡಿಯಲ್ಲಿ ಸಿಗುವ ‘ಸೋಡಿಯಂ ಕಡಿಮೆ’ ಇರುವ ಉಪ್ಪು ಮಾತ್ರ ಖಂಡಿತ ಬೇಡ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಷಿಯಂ ಕ್ಲೋರೈಡ್ ಬೆರೆಸಿರುತ್ತಾರೆ.

ತುರಿಕೆ

ಇಡೀ ರಾತ್ರಿ ಮೈ ಕೆರೆದುಕೊಳ್ಳುವ ಅಜ್ಜನಿಗೆ ಚರ್ಮರೋಗವೇ ಇರಬೇಕೆಂದಿಲ್ಲ. ಚರ್ಮ ಒಣಗುವುದು, ರಕ್ತದಲ್ಲಿ ರಂಜಕದ ಅಂಶ ಹೆಚ್ಚುವುದು, ಡಯಾಲಿಸಿಸ್ ಸಾಲದಾಗುವುದು ಇದಕ್ಕೆ ಕಾರಣವಾಗಬಹುದು. ಸುಡುನೀರಿನ ಬದಲು ಉಗುರುಬೆಚ್ಚಗಿನ ನೀರಿನ ಸ್ನಾನ, ಸೋಪು ಮಿತ. ಮೈ ಒರೆಸಿದ ಕೂಡಲೇ ಕೊಬ್ಬರಿ ಎಣ್ಣೆ ಸವರಿ. ಕುಡಿಯಲು ಬೇಡವಾದ ತೆಂಗು ಇಲ್ಲಿ ಉಪಕಾರಿ! ರಂಜಕ ತಡೆಯುವ ಮಾತ್ರೆ ಕೊಟ್ಟಿದ್ದರೆ ಅದನ್ನು ಊಟದ ಜೊತೆಗೇ ನುಂಗಬೇಕು. ಅದು ಕೆಲಸ ಮಾಡುವುದು ಹೊಟ್ಟೆಯಲ್ಲಿರುವ ಆಹಾರದ ಮೇಲೆ. ಇಷ್ಟಾದರೂ ನಿಲ್ಲದ ತುರಿಕೆಗೆ ಬೇರೆ ಔಷಧಗಳಿವೆ, ವೈದ್ಯರನ್ನು ಕೇಳಿ.

ಸೆಳೆತ, ಸುಸ್ತು, ನಿದ್ದೆ

ಎರಡು ಡಯಾಲಿಸಿಸ್‌ಗಳ ನಡುವೆ ಮೈತೂಕ ಬಹಳ ಏರಿದ್ದರೆ ಯಂತ್ರ ಹೆಚ್ಚು ನೀರನ್ನು ಬೇಗ ತೆಗೆಯಬೇಕಾಗುತ್ತದೆ. ಆಗ ಮೀನಖಂಡ ಹಿಡಿದುಕೊಳ್ಳುತ್ತದೆ, ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ಹಲ್ಲು ಕಚ್ಚಿ ತಡೆದುಕೊಳ್ಳದೆ ತಕ್ಷಣ ದಾದಿಯರಿಗೆ ಹೇಳಲಿ. ಪಾದವನ್ನು ಮೊಣಕಾಲಿನ ಕಡೆಗೆ ಮೆಲ್ಲನೆ ಬಾಗಿಸಿದರೆ ಸೆಳೆತ ಸಡಿಲುತ್ತದೆ. ಮುಗಿದ ಮೇಲೆ ಸ್ವಲ್ಪ ಹೊತ್ತು ಕುಳಿತು, ನಂತರ ಏಳಲಿ. ಹಾಸನದಿಂದ ಬೇಲೂರಿಗೋ ಹಳೇಬೀಡಿಗೋ ಬಸ್ಸಿನಲ್ಲಿ ಮರಳುವವರ ಜೊತೆ ಒಬ್ಬರು ಇರಲೇಬೇಕು.

ಕೆಂಪು ರಕ್ತಕಣಗಳ ಉತ್ಪತ್ತಿಗೆ ಬೇಕಾದ ಹಾರ್ಮೋನು ತಯಾರಾಗುವುದು ಮೂತ್ರಪಿಂಡದಲ್ಲಿ. ಅದು ಕೆಟ್ಟಾಗ ರಕ್ತಹೀನತೆ, ಸುಸ್ತು ಸಹಜ. ಇದಕ್ಕೆ ಚುಚ್ಚುಮದ್ದು ಇದೆ. ರಾತ್ರಿ ಕಾಲು ಆಡಿಸದೆ ಇರಲಾಗದ ತಳಮಳಕ್ಕೆ ಕಬ್ಬಿಣಾಂಶದ ಕೊರತೆಯೂ ಕಾರಣವಿರಬಹುದು. ಸಂಜೆಯ ಮೇಲೆ ಕಾಫಿ ಬಿಡಿಸಿ, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸಿ. ‘ವಯಸ್ಸಾಯಿತು, ಇನ್ನೇನು’ ಎಂದು ಕೈಬಿಡಬೇಡಿ.

ಅಡುಗೆಮನೆಯಲ್ಲಿ

ನಮ್ಮ ಜಿಲ್ಲೆಯ ಆಲೂಗೆಡ್ಡೆಯಲ್ಲೂ ಪೊಟ್ಯಾಷಿಯಂ ಹೇರಳ. ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿದರೆ ಸಾಕಷ್ಟು ಕಡಿಮೆಯಾಗುತ್ತದೆ. ಧಾರೆಹುಳಿ ಮಾತ್ರ ಯಾವ ರೂಪದಲ್ಲೂ ಬೇಡ. ಅದರಲ್ಲಿರುವ ವಿಷಾಂಶ ಮೂತ್ರಪಿಂಡ ಕೆಟ್ಟವರ ಮಿದುಳಿಗೆ ತಟ್ಟಿ ಬಿಡದ ಬಿಕ್ಕಳಿಕೆ, ಗೊಂದಲ, ಮೂರ್ಛೆ ತರಬಹುದು. ವೈದ್ಯರನ್ನು ಕೇಳದೆ ನೋವಿನ ಮಾತ್ರೆಯಾಗಲಿ, ನಾಟಿ ಕಷಾಯವಾಗಲಿ ಕೊಡಬಾರದು.

ತಡಮಾಡಬಾರದ ವೇಳೆ

ಉಸಿರಾಟದ ಕಷ್ಟ, ಎದೆನೋವು, ಕೈಕಾಲು ಸೋತುಹೋಗುವುದು, ಎದೆಬಡಿತ ತಪ್ಪುವುದು, ಚಳಿಜ್ವರ, ಸೂಜಿ ಚುಚ್ಚಿದ ಜಾಗದಲ್ಲಿ ನಿಲ್ಲದ ರಕ್ತ: ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಸರದಿಗೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ರಕ್ತ ಸೋರುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದೇ ಹೊರಡಿ. ಫಿಸ್ಟುಲಾ ಮಾಡಿರುವ ಕೈಯಲ್ಲಿ ರಕ್ತದೊತ್ತಡ ಅಳೆಯಲು, ರಕ್ತ ತೆಗೆಯಲು ಬಿಡಬೇಡಿ. ದಿನವೂ ಅದರ ಮೇಲೆ ಬೆರಳಿಟ್ಟು ನೋಡಿ. ಅಲ್ಲಿನ ಕಂಪನ ನಿಂತಿದ್ದರೆ ಅಂದೇ ವೈದ್ಯರಿಗೆ ತಿಳಿಸಿ.

ಮಕ್ಕಳಿಗೊಂದು ಕೆಲಸ

ವಿದ್ಯಾರ್ಥಿಗಳೇ, ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಗೆರೆ ಎಳೆದು ಕೋಷ್ಟಕ ಮಾಡಿ: ದಿನಾಂಕ, ಬೆಳಗಿನ ತೂಕ, ಕುಡಿದ ನೀರು, ತುರಿಕೆ, ಸೆಳೆತ, ನಿದ್ದೆ. ತೊಂದರೆ ಎಷ್ಟಿದೆ ಎಂದು ಅಜ್ಜಿಯನ್ನೇ ಕೇಳಿ, ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಿ. ಒಂದು ಕಿಲೋ ತೂಕ ಏರಿದರೆ ಸುಮಾರು ಒಂದು ಲೀಟರ್ ನೀರು ನಿಂತಿದೆ ಎಂದರ್ಥ. ಪ್ರತಿ ಸಲವೂ ಈ ಪುಸ್ತಕ ಆಸ್ಪತ್ರೆಗೆ ಹೋಗಲಿ. ಮಕ್ಕಳಿಗೆ ತೊಂದರೆಯಾದೀತೆಂದು ಹಿರಿಯರು ಅನೇಕ ನೋವುಗಳನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅವರು ಹೇಳದ್ದನ್ನು ವೈದ್ಯರಿಗೆ ಈ ಹಾಳೆ ಹೇಳುತ್ತದೆ. ಗಮನಿಸು, ಅಳೆ, ಬರೆದಿಡು ಎಂದು ತರಗತಿಯಲ್ಲಿ ನಾವು ಕಲಿಸುವ ವಿಜ್ಞಾನ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಜಾಗ ಮತ್ತೊಂದಿಲ್ಲ.