ಬೊಂಬೆಯ ಬೆಲೆ, ರಾಗದ ಬಾಡಿಗೆ

ಕೆಂಗಲ್ ಆಂಜನೇಯನ ದರ್ಶನ ಮುಗಿಸಿ ಮೊಮ್ಮಗನಿಗೆ ಚನ್ನಪಟ್ಟಣದ ಬೊಂಬೆಯೊಂದನ್ನು ಕೊಂಡೆ. ಹುಡುಗ ಅದನ್ನು ಕುಣಿಸುತ್ತ, ಟಿವಿಯಲ್ಲಿ ಕೇಳಿದ್ದ ಕಾರ್ಟೂನಿನ ಶೀರ್ಷಿಕೆ ಗೀತೆ ಗುನುಗತೊಡಗಿದ. ಅರ್ಥಶಾಸ್ತ್ರದ ಹಳೆಯ ವಿದ್ಯಾರ್ಥಿಯಾದ ನನ್ನನ್ನು ಪ್ರಶ್ನೆಯೊಂದು ಕಾಡಿತು. ಹಾಲೆ ಮರ ಕಡೆದು ಅರಗಿನ ಬಣ್ಣ ಹಚ್ಚಿದ ಕುಶಲಕರ್ಮಿಗೆ ಬೆಲೆ ಸಿಗುವುದು ಒಮ್ಮೆ ಮಾತ್ರ. ದಿನವೂ ಮರಳಿ ಕೇಳಿಸುವ ಆ ರಾಗದ ಬೆಲೆ ಯಾರ ಕೈ ಸೇರುತ್ತದೆ?

ಈ ಪ್ರಶ್ನೆಗೆ ಬಹಳ ಮೊದಲೇ ಉತ್ತರ ಕಂಡುಕೊಂಡವರು ಹೈಮ್ ಸಬಾನ್. 1944ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿ, ಇಸ್ರೇಲಿನಲ್ಲಿ ಬೆಳೆದ ಅವರು ಎಪ್ಪತ್ತರ ದಶಕದಲ್ಲಿ ಫ್ರಾನ್ಸಿನಲ್ಲಿ ಸಂಗೀತೋದ್ಯಮ ನಡೆಸುತ್ತಿದ್ದರು. ಫ್ರೆಂಚ್ ಭಾಷೆಗೆ ಡಬ್ ಆದ ಜಪಾನಿ ಕಾರ್ಟೂನ್ ‘ಗೊಲ್ಡೊರಾಕ್’ನ ಹಾಡು ಅವರಿಗೆ ಹೊಸ ದಾರಿ ತೋರಿತು. ಅಮೆರಿಕಕ್ಕೆ ಹೋದ ಮೇಲೆ, ಶೂಕಿ ಲೆವಿಯವರೊಡಗೂಡಿ ಕಾರ್ಟೂನ್ ನಿರ್ಮಾಪಕರಿಗೆ ಅಗ್ಗವಾಗಿ ಸಂಗೀತ ಒದಗಿಸಿದರು. ಹಕ್ಕನ್ನು ಮಾತ್ರ ತಮ್ಮಲ್ಲೇ ಉಳಿಸಿಕೊಂಡರು. ಪ್ರಸಾರವಾದಾಗಲೆಲ್ಲ ಗೌರವಧನ ಹರಿದುಬಂತು. ಹೊಲ ಮಾರದೆ ಗೇಣಿ ಪಡೆದಂತೆ! ಮುಂದೆ 2001ರಲ್ಲಿ ಅವರು ಪಾಲುದಾರರಾಗಿದ್ದ ಫಾಕ್ಸ್ ಫ್ಯಾಮಿಲಿ ಸಂಸ್ಥೆ 500 ಕೋಟಿ ಡಾಲರಿಗೂ ಹೆಚ್ಚಿನ ಮೌಲ್ಯಕ್ಕೆ ಡಿಸ್ನಿಯ ಪಾಲಾಯಿತು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಬೇರೆಯವರು ರಚಿಸಿದ ಸಂಗೀತವೂ ಸಬಾನ್ ಮತ್ತು ಲೆವಿಯವರ ಹೆಸರಿನಲ್ಲೇ ದಾಖಲಾಯಿತೆಂದು ಕೆಲವು ಸಂಗೀತಗಾರರು 1998ರಲ್ಲಿ ತಕರಾರು ಎತ್ತಿದರು. ಹಕ್ಕಿನ ಮೌಲ್ಯ ಬಲ್ಲವನು ಬೆಳೆದ. ಅರಿಯದವನು ಕೂಲಿ ಪಡೆದು ಹೊರಟ.

ನಮ್ಮಲ್ಲಿ ದಶಕಗಳ ಕಾಲ ಚರ್ಚೆಯಾದದ್ದು ಡಬ್ಬಿಂಗ್ ಬೇಕೇ ಬೇಡವೇ ಎಂಬುದಷ್ಟೆ. 2009ರಲ್ಲಿ ‘ಚಿಂಟು ಟಿವಿ’ ಬಂದು ಮಕ್ಕಳಿಗೆ ಕಾರ್ಟೂನುಗಳನ್ನು ಕನ್ನಡದಲ್ಲಿ ಕೇಳಿಸಿತು. ಡಬ್ಬಿಂಗಿಗೆ ಅಡ್ಡಿಪಡಿಸುವುದು ಸ್ಪರ್ಧೆಗೆ ಮಾರಕವೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶಿಸಿತು. ಆ ವಿವಾದದ ಗದ್ದಲದಲ್ಲಿ, ಕನ್ನಡಕ್ಕೆಂದೇ ಹೊಸ ಹಾಡು ಬರೆದು ರಾಗ ಹಾಕುವವರ ಪಾಲು ಎಷ್ಟೆಂದು ಕೇಳಿದವರು ವಿರಳ.

ಕಾನೂನು ಅವರ ಬೆನ್ನಿಗಿದೆ. 2012ರ ಕೃತಿಸ್ವಾಮ್ಯ ತಿದ್ದುಪಡಿಯ ಪ್ರಕಾರ, ಹಕ್ಕನ್ನು ವಹಿಸಿಕೊಟ್ಟ ಮೇಲೂ ಗೀತರಚನಕಾರ ಮತ್ತು ಸಂಗೀತಗಾರರು ಗೌರವಧನದಲ್ಲಿ ಸಮಪಾಲಿಗೆ ಅರ್ಹರು. ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕಲ್ಲದೆ ಬೇರಾರಿಗೂ ಆ ಪಾಲನ್ನು ಬಿಟ್ಟುಕೊಡುವಂತಿಲ್ಲ. ಆದರೆ ಸರ್ಕಾರಿ ಸೇವೆ ನನಗೆ ಕಲಿಸಿದ ಪಾಠವೊಂದಿದೆ: ರಾಜ್ಯಪತ್ರದಲ್ಲಿ ಅಚ್ಚಾದ ಹಕ್ಕು ತಾನಾಗಿ ಮನೆಬಾಗಿಲಿಗೆ ಬರುವುದಿಲ್ಲ. ಸಂಘದ ಸದಸ್ಯತ್ವ ಪಡೆಯಬೇಕು, ಕೃತಿಯನ್ನು ನೋಂದಾಯಿಸಬೇಕು, ಒಪ್ಪಂದವನ್ನು ಓದಿ ಸಹಿ ಹಾಕಬೇಕು. ನಮ್ಮ ಸಂಗೀತ ಶಾಲೆಗಳು ತಾಳ-ಲಯದೊಡನೆ ಇದನ್ನೂ ಕಲಿಸಲಿ.

ಮೊಮ್ಮಗನ ಬೊಂಬೆಯ ಬಣ್ಣ ಎಂದಾದರೂ ಮಾಸೀತು, ರಾಗ ಮಾಸದು. ಅದು ಮೊಳಗಿದಷ್ಟು ದಿನವೂ ಅದನ್ನು ಹೆತ್ತವನ ಮನೆಯ ಒಲೆ ಉರಿಯಬೇಕಲ್ಲವೇ?